ಅಂಜದ ಮಗು, ಜೊತೆಗೊಂದು ನಾಯಿ: ಸುತ್ತಾಟಕ್ಕೆ ಹೊರಡುವ ಕ್ರಮ

ಒಂದರಿಂದ ಮೂರು ವರ್ಷದೊಳಗಿನ ಮಗು ಎತ್ತರದ ಕಟ್ಟೆಯ ಅಂಚಿಗೋ ಕೊಳದ ನೀರಿಗೋ ಗುರುತಿಲ್ಲದ ನಾಯಿಯ ಬಾಯಿಗೋ ಅಳುಕಿಲ್ಲದೆ ನುಗ್ಗುವುದನ್ನು ಮನೆಯ ಹಿರಿಯರು ಧೈರ್ಯವೆಂದು ಕೊಂಡಾಡುವುದುಂಟು. ಮನೋವಿಜ್ಞಾನಿಗಳ ಪ್ರಕಾರ ಅದು ಅಪಾಯದ ಅಂದಾಜು ಇನ್ನೂ ಕೈಗೂಡದ ಸ್ಥಿತಿ. ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ‘ದೃಶ್ಯ ಪ್ರಪಾತ’ ಪ್ರಯೋಗದಲ್ಲಿ, ಅಂದರೆ ತಗ್ಗಿನ ಮೇಲೆ ಗಾಜು ಹಾಸಿ ಮಗು ಅದನ್ನು ದಾಟುವುದೇ ಎಂದು ಪರೀಕ್ಷಿಸುವ ಏರ್ಪಾಡಿನಲ್ಲಿ, ಅಂಬೆಗಾಲಿಡುವ ಬಹುಪಾಲು ಮಕ್ಕಳು ಅಂಚಿನಲ್ಲೇ ತಡೆದು ನಿಂತವು. ಆದರೆ ಅಂಬೆಗಾಲಿನ ದಿನಗಳಲ್ಲಿ ಕಲಿತ ಈ ಎಚ್ಚರ ನಡಿಗೆ ಬಂದಾಗ ತಾನಾಗಿ ಮುಂದುವರಿಯುವುದಿಲ್ಲವೆಂದೂ, ಹೊಸದಾಗಿ ನಡೆಯುವ ಮಗು ಕಡಿದಾದ ಇಳಿಜಾರಿಗೂ ಹೆಜ್ಜೆ ಇಟ್ಟುಬಿಡುತ್ತದೆಂದೂ ಮುಂದೆ ಕ್ಯಾರನ್ ಅಡಾಲ್ಫ್ ಅವರ ಅಧ್ಯಯನಗಳು ತೋರಿಸಿದವು. ಆದ್ದರಿಂದ ಇಂತಹ ಮಗುವಿಗೆ ಗದರಿ ಭಯ ಕಲಿಸುವುದಕ್ಕಿಂತ ಸುತ್ತಲಿನ ಏರ್ಪಾಡನ್ನು ಬಿಗಿಮಾಡುವುದೇ ಸರಿಯಾದ ದಾರಿ.

ಮೊದಲು ನಿರ್ಧರಿಸಬೇಕಾದದ್ದು ಜೊತೆಗೆ ಹೋಗುವವರ ಸಂಖ್ಯೆ. ಮಗುವಿಗೊಬ್ಬರು, ನಾಯಿಗೊಬ್ಬರು ಎಂಬಂತೆ ಇಬ್ಬರು ವಯಸ್ಕರಿರಬೇಕು. ಯಾರು ಯಾರನ್ನು ನೋಡಿಕೊಳ್ಳಬೇಕೆಂಬುದು ಮನೆಯಲ್ಲೇ ಬಾಯಿಬಿಟ್ಟು ಇತ್ಯರ್ಥವಾಗಿರಬೇಕು, ಏಕೆಂದರೆ ‘ಅವರು ನೋಡುತ್ತಿದ್ದಾರೆ’ ಎಂದು ಇಬ್ಬರೂ ಭಾವಿಸಿದ ಗಳಿಗೆಯಲ್ಲೇ ಮಗು ರಸ್ತೆಗೆ ಇಳಿದಿರುತ್ತದೆ. ಒಬ್ಬರೇ ಇರುವ ದಿನ ನಾಯಿಯನ್ನು ಮನೆಯಲ್ಲಿ ಬಿಡುವುದು ಮೇಲು, ಅದೆಷ್ಟೇ ಮುಖ ಸಪ್ಪೆ ಮಾಡಿಕೊಂಡರೂ.

ಎರಡನೆಯದು ಜಾಗದ ಆಯ್ಕೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಚೈನು ಹಾಕಿದ ನಾಯಿಗಳು ಓಡಾಡುವುದು ವಾಡಿಕೆಯಾದರೂ ಎಲ್ಲ ಉದ್ಯಾನಗಳಲ್ಲಿ ಅದಕ್ಕೆ ಅವಕಾಶವಿಲ್ಲವಾದ್ದರಿಂದ ಪ್ರವೇಶದ್ವಾರದ ಫಲಕವನ್ನೋ ಕಾವಲುಗಾರರನ್ನೋ ವಿಚಾರಿಸಿಯೇ ಒಳಹೋಗಬೇಕು. ಕೋತಿಗಳಿರುವ ಬೆಟ್ಟಗಳನ್ನು ಈ ವಯಸ್ಸಿನಲ್ಲಿ ಬಿಟ್ಟುಬಿಡುವುದೇ ಲೇಸು: ಮಗುವಿನ ಕೈಯಲ್ಲಿ ಬಿಸ್ಕತ್ತು, ಎದುರಿಗೆ ಕೋತಿ, ಪಕ್ಕದಲ್ಲಿ ಬೊಗಳುವ ನಾಯಿ ಎಂಬ ಸಂಯೋಗವನ್ನು ಯಾವ ತಂದೆತಾಯಿಯೂ ನಿಭಾಯಿಸಲಾರರು. ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರವಾಗಿರುವುದರಿಂದ ಮುಗ್ಗರಿಸಿದಾಗ ಅದು ತಲೆಕೆಳಗಾಗಿಯೇ ಬೀಳುತ್ತದೆ. ಗೇಣುದ್ದದ ನೀರೂ ಅದಕ್ಕೆ ಮಾರಕವಾಗಬಲ್ಲದು. ಕೆರೆಯ ಏರಿಯ ಮೇಲೆ ಕೈಹಿಡಿದೇ ನಡೆಸಬೇಕು.

ಹೊತ್ತಿನ ವಿಷಯದಲ್ಲಿ ನಾಯಿಯ ದೇಹರಚನೆಯನ್ನು ಗಮನಿಸಬೇಕಾಗುತ್ತದೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರದೆ, ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರ ಮೂಲಕವೇ ಮೈಯ ಶಾಖವನ್ನು ಹೊರಹಾಕುತ್ತದೆ. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ ಅದೂ ಕಷ್ಟ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗನೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೊರಡಬೇಕು. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಒತ್ತಿಹಿಡಿಯಲಾಗದಿದ್ದರೆ ಆ ನೆಲ ನಾಯಿಯ ಪಾದಕ್ಕೂ ಬರಿಗಾಲಿನ ಮಗುವಿಗೂ ಸುಡುತ್ತದೆಂದೇ ಅರ್ಥ.

ಇನ್ನು ಚೀಲ ಮತ್ತು ಚೈನು. ಒಂದೂವರೆಯಿಂದ ಎರಡು ಮೀಟರಿನ, ಉದ್ದ ಬದಲಾಗದ ಪಟ್ಟಿಯೇ ಸಾಕು. ಗುಂಡಿ ಒತ್ತಿದರೆ ನೀಳವಾಗುವ ಬಗೆಯದು ಮಗುವಿನ ಕಾಲಿಗೆ ಸುತ್ತಿಕೊಳ್ಳುತ್ತದೆ. ಪಟ್ಟಿಯನ್ನು ಮಗುವಿನ ತಳ್ಳುಗಾಡಿಗೆ ಕಟ್ಟುವುದೂ ಮಗುವಿನ ಕೈಗೆ ಕೊಡುವುದೂ ಕೂಡದು, ಬೆಕ್ಕೊಂದು ಕಂಡರೆ ನಾಯಿಯ ಜೊತೆ ಗಾಡಿಯೂ ಹೊರಟುಬಿಡುತ್ತದೆ. ನೀರು, ಬಟ್ಟಲು, ಮಲ ಎತ್ತುವ ಚೀಲ ಹಾಗೂ ಸಾಬೂನು ಜೊತೆಗಿರಬೇಕು. ತಿಂಡಿಯ ಡಬ್ಬಿಯ ಬಗ್ಗೆ ವಿಶೇಷ ಎಚ್ಚರ ಬೇಕು: ಈರುಳ್ಳಿ ಹಾಕಿದ ಚಿತ್ರಾನ್ನ, ದ್ರಾಕ್ಷಿ ಉದುರಿಸಿದ ಕೇಸರಿಬಾತು, ಚಾಕೊಲೇಟು ಇವೆಲ್ಲ ನಾಯಿಗೆ ವಿಷಕಾರಿ. ಮಗುವಿನ ಕೈಯಿರುವುದು ಸರಿಯಾಗಿ ನಾಯಿಯ ಮೂತಿಯ ಎತ್ತರದಲ್ಲಿ. ಆದ್ದರಿಂದ ಮಗುವನ್ನು ಕೂರಿಸಿ, ನಾಯಿಯನ್ನು ದೂರವಿಟ್ಟೇ ತಿನ್ನಿಸಬೇಕು.

ದಾರಿಯಲ್ಲಿ ನಿಜವಾಗಿ ಓದಬೇಕಾದದ್ದು ನಾಯಿಯ ಮೈ. ಮಕ್ಕಳಿಗೆ ಬೀಳುವ ಕಡಿತಗಳಲ್ಲಿ ಅನೇಕವು ಪರಿಚಿತ ನಾಯಿಯಿಂದಲೇ ಆಗುತ್ತವೆ, ಮತ್ತು ಎತ್ತರ ಕಡಿಮೆಯಾದ್ದರಿಂದ ಮುಖ ಕುತ್ತಿಗೆಗಳಿಗೇ ಆಗುತ್ತವೆ. ಮಗು ಬಾಲ ಹಿಡಿದಾಗ ನಾಯಿ ಆಯಾಸವಿಲ್ಲದೆಯೂ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ತಲೆ ತಿರುಗಿಸಿ ಕಣ್ಣಿನ ಬಿಳಿಭಾಗ ತೋರಿಸಿದರೆ ಅಥವಾ ಇದ್ದಕ್ಕಿದ್ದಂತೆ ಮೈ ಬಿಗಿಹಿಡಿದು ನಿಂತರೆ ಅದರ ಸಹನೆ ಮುಗಿಯುತ್ತಿದೆಯೆಂದು ತಿಳಿದು ತಕ್ಷಣ ಇಬ್ಬರನ್ನೂ ಬೇರ್ಪಡಿಸಬೇಕು. ಗುರುಗುಟ್ಟಿದ ನಾಯಿಗೆ ಹೊಡೆಯುವುದು ಮನೆಮನೆಯ ರೂಢಿಯಾದರೂ ಅದು ತಪ್ಪು. ಗುರುಗುಟ್ಟುವಿಕೆ ಎಚ್ಚರಿಕೆಯಾಗಿದ್ದು, ಅದನ್ನು ಅಡಗಿಸಿದರೆ ಮುಂದಿನ ಸಲ ನಾಯಿ ಸದ್ದಿಲ್ಲದೆ ಕಚ್ಚುತ್ತದೆ. ಬೀದಿನಾಯಿಗಳ ಗುಂಪು ಎದುರಾದರೆ ಓಡದೆ, ಮಗುವನ್ನು ಮೌನವಾಗಿ ಎತ್ತಿಕೊಂಡು, ಸಾಕುನಾಯಿಯನ್ನು ಗಿಡ್ಡ ಹಿಡಿತದಲ್ಲಿಟ್ಟು ರಸ್ತೆಯ ಇನ್ನೊಂದು ಬದಿಗೆ ಸರಿಯಬೇಕು.

ಕಡಿತವಾದರೆ, ಅದು ಗೀರಿನಷ್ಟೇ ಆಗಿದ್ದರೂ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅರಿಶಿನ ಸುಣ್ಣಗಳನ್ನು ಹಚ್ಚದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ರೇಬೀಸ್ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಾಣುವನ್ನು ಕೂಡಲೇ ಎದುರಿಸಬಲ್ಲ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕಾಗುತ್ತದೆ.

ಮನೆಗೆ ಮರಳಿದ ಮೇಲೆ ನಾಯಿಯ ಕಿವಿಯ ಹಿಂಭಾಗ, ಕಂಕುಳು, ಬೆರಳುಗಳ ಸಂದುಗಳನ್ನೂ ಮಗುವಿನ ತಲೆಗೂದಲು ಮತ್ತು ಮೊಣಕಾಲಿನ ಹಿಂಬದಿಯನ್ನೂ ಬೆಳಕಿನಲ್ಲಿ ನೋಡಿ, ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸವರದೆ, ಚರ್ಮಕ್ಕೆ ತಾಗಿದಂತೆ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಬೇಕು. ಮಲೆನಾಡಿನಲ್ಲಿ ಇದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಕಾಡಂಚಿನ ಸುತ್ತಾಟದ ನಂತರದ ವಾರದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹೋಗಿಬಂದ ಜಾಗವನ್ನು ವೈದ್ಯರಿಗೆ ಮೊದಲೇ ಹೇಳಬೇಕು.