ಮದುವೆ ಸೀಸನ್ನೂ ಮಕ್ಕಳ ರಜೆಯೂ

ಹೊಲಿಗೆ ಕೆಲಸದವರಿಗೆ ಏಪ್ರಿಲ್, ಮೇ ತಿಂಗಳೆಂದರೆ ಉಸಿರು ಬಿಡಲೂ ಪುರುಸೊತ್ತಿಲ್ಲದ ಕಾಲ. ಅಕ್ಷಯ ತದಿಗೆಯ ಆಸುಪಾಸಿನ ಮದುವೆ, ಗೃಹಪ್ರವೇಶ, ಊರಹಬ್ಬ ಎಲ್ಲ ಒಟ್ಟೊಟ್ಟಿಗೇ ಬರುತ್ತವೆ. "ನಾಳೆ ಬೆಳಿಗ್ಗೆ ಮುಹೂರ್ತ ಅಕ್ಕಾ, ಇವತ್ತೇ ಬ್ಲೌಸ್ ಬೇಕು" ಅನ್ನುವವರು ಬಾಗಿಲಲ್ಲೇ ನಿಂತಿರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಗಳಿಗೆ ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ. ದಾವಣಗೆರೆ ಪೇಟೆಯ ಬೇಸಿಗೆ ಶಿಬಿರಕ್ಕೆ ಹಾಕೋಣವೆಂದರೆ ಶುಲ್ಕವೂ ಜಾಸ್ತಿ, ನಮ್ಮ ಹಳ್ಳಿಯಿಂದ ದಿನಾ ಕರೆದೊಯ್ಯುವವರೂ ಇಲ್ಲ. ನನ್ನ ಮಗಳು, ಮಗ ಇಬ್ಬರೂ ತಮ್ಮ ಪಾಡಿಗೆ ತಾವಿದ್ದರೆ ಮಾತ್ರ ನನ್ನ ಮಿಷನ್ ಓಡುತ್ತದೆ. ಹೀಗೆ ಬೇಸಿಗೆಗಳನ್ನು ದಾಟಿ ಬಂದವಳಿಗೆ ತಿಳಿದ ನಾಲ್ಕು ಮಾತು ಇವು.

ಮೊದಲನೆಯದು ಬೇಜಾರಿನ ವಿಷಯ. ರಜೆ ಶುರುವಾದ ಹೊಸತರಲ್ಲಿ "ಅಮ್ಮಾ, ಬ್ಯಾಸರ ಆಗೈತೆ" ಅನ್ನುವ ರಾಗ ನಿಲ್ಲುವುದೇ ಇಲ್ಲ. ಪ್ರತಿ ಸಲವೂ ಒಂದು ಆಟ ಹುಡುಕಿಕೊಟ್ಟರೆ ಮುಂದಿನ ಆಟವನ್ನೂ ನಾವೇ ಹುಡುಕಬೇಕಾಗುತ್ತದೆ. ನಾನು ಪೆಡಲ್ ತುಳಿಯುತ್ತಲೇ "ಆಗ್ಲಿ ಬಿಡು" ಅನ್ನುತ್ತೇನೆ. ನೆಲದ ಮೇಲೆ ಹೊರಳಾಡುತ್ತಾರೆ, ಒಬ್ಬರನ್ನೊಬ್ಬರು ಒದೆಯುತ್ತಾರೆ, ಆಮೇಲೆ ಏನೋ ಹೊಳೆದು ಎದ್ದು ಹೋಗುತ್ತಾರೆ. ಆ ನಡುವೆ ಮೊಬೈಲ್ ಕೈಗೆ ಕೊಟ್ಟರೆ ಹೊಳೆಯುವುದು ನಿಂತುಹೋಗುತ್ತದೆ. ನಮ್ಮಲ್ಲಿ ಮೊಬೈಲ್ ಸಂಜೆ ದೀಪ ಹಚ್ಚಿದ ಮೇಲೆಯೇ. ಬೆಳಿಗ್ಗೆ ಕೊಟ್ಟರೆ ವಾಪಸ್ ಇಸಕೊಳ್ಳುವ ಜಗಳದಲ್ಲೇ ಒಂದು ಬ್ಲೌಸ್ ಹೊಲಿಯುವಷ್ಟು ಹೊತ್ತು ಹೋಗುತ್ತದೆ.

ಎರಡನೆಯದು ಸಾಮಾನು. ಅಂಗಡಿಯಿಂದ ತಂದ ಆಟಿಕೆ ಎರಡು ದಿನಕ್ಕೆ ಮೂಲೆ ಸೇರುತ್ತದೆ. ನನ್ನ ಮಿಷನ್ ಪಕ್ಕದ ರಟ್ಟಿನ ಡಬ್ಬಿಯ ಹತ್ತಿರ ಮಾತ್ರ ರಜೆ ಮುಗಿಯುವವರೆಗೂ ಗಲಾಟೆ. ಅದರಲ್ಲಿರುವುದು ಕತ್ತರಿಸಿ ಉಳಿದ ಲೈನಿಂಗ್ ಚೂರು, ಜರಿ ಅಂಚಿನ ತುಂಡು, ಖಾಲಿ ದಾರದ ರೀಲು, ಜೋಡಿ ತಪ್ಪಿದ ಗುಂಡಿ. ಇಂಥದ್ದನ್ನೇ ಮಾಡಿ ಅಂತ ನಾನು ಹೇಳುವುದಿಲ್ಲ. ರೀಲುಗಳು ಬಂಡಿಯ ಗಾಲಿಯಾಗಿವೆ, ಜರಿ ತುಂಡು ದೇವರ ಉತ್ಸವದ ತೋರಣವಾಗಿದೆ.

ಹೋದ ಬೇಸಿಗೆಯಲ್ಲಿ ಮಗಳು ಅದೇ ಚೂರುಗಳಿಂದ ಕೌದಿ ಹೊಲಿಯಲು ಕೂತಳು. ನಮ್ಮತ್ತೆ ಕೌದಿ ಹೊಲಿಯುವವರು. ಹಳೇ ಕಾಟನ್ ಸೀರೆ ಮಡಿಸಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅವರ ಕ್ರಮ. ಮೊಮ್ಮಗಳಿಗೆ ದಪ್ಪ ಸೂಜಿ, ದಪ್ಪ ದಾರ ಕೊಟ್ಟು ಒಂದು ಅಂಚು ಹಾಕಿ ತೋರಿಸಿ ಎದ್ದುಹೋದರು. ನಮ್ಮನೆ ಬೆಕ್ಕಿಗೆ ಅಂತ ಶುರುವಾದ ಕೌದಿ ಅದು. ಹೊಲಿಗೆ ಹಾವಿನ ಹಾಗೆ ಅತ್ತಿತ್ತ ಹರಿದಿತ್ತು, ಒಂದು ಕಡೆ ಅವಳ ಲಂಗವನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ನನ್ನ ಕೈ ಸರಿಮಾಡಲು ತುರಿಸುತ್ತಿತ್ತು. ಕೈ ಹಾಕಲಿಲ್ಲ. ಅವಳೇ ಬಿಚ್ಚಿ ಮತ್ತೆ ಹೊಲಿದಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಿಡಿದು ಕೂರುತ್ತಿದ್ದಳು. ಶಾಲೆ ಶುರುವಾಗುವ ಹೊತ್ತಿಗೆ ಮುಗಿಯಿತು. ಬೆಕ್ಕು ಅದರ ಮೇಲೆ ಒಂದು ದಿನವೂ ಮಲಗಲಿಲ್ಲ, ಅದು ಬೇರೆ ಮಾತು. ಒಂದೇ ದಿನಕ್ಕೆ ಮುಗಿಯದ ಕೆಲಸ ಕೈಯಲ್ಲಿದ್ದರೆ ಮಗು ಬೆಳಿಗ್ಗೆ ಏಳುವಾಗಲೇ ಇವತ್ತು ಏನು ಮಾಡಬೇಕೆಂದು ಗೊತ್ತುಮಾಡಿಕೊಂಡು ಏಳುತ್ತದೆ.

ಮಗ ಚಿಕ್ಕವನು, ಅಷ್ಟು ಹೊತ್ತು ಕೂರುವವನಲ್ಲ. ಅವನಿಗೆ ಒಲಿದದ್ದು ಚೌಕಾಬಾರ. ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದರೆ ಆಯಿತು, ಕಾಯಿಗಳಿಗೆ ನನ್ನ ಗುಂಡಿಗಳಿವೆ. ದಾಳಕ್ಕೆ ನಾಲ್ಕು ಹುಣಸೆ ಬೀಜ. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡುವುದೇ ಅರ್ಧ ದಿನದ ಕೆಲಸ. ತಿಕ್ಕಿ ಕಾದ ಬೀಜವನ್ನು ಅಕ್ಕನ ತೋಳಿಗೆ ಚುರ್ರೆಂದು ಮುಟ್ಟಿಸಿ ಓಡುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ನಾವೂ ಅದನ್ನೇ ಮಾಡುತ್ತಿದ್ದೆವು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಆಡುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಕ್ಕಪಕ್ಕದ ಹುಡುಗರೂ ಸೇರಿದರೆ ಜಗಳ ಇದ್ದೇ ಇರುತ್ತದೆ. ರಕ್ತ ಬರುವವರೆಗೆ ನಾನು ನ್ಯಾಯ ಹೇಳಲು ಹೋಗುವುದಿಲ್ಲ. ಆಟ ನಿಂತರೆ ನಷ್ಟ ತಮಗೇ ಅಂತ ಅವರಿಗೆ ಬೇಗ ಗೊತ್ತಾಗುತ್ತದೆ.

ಮೂರನೆಯದು, ಮಕ್ಕಳಿಗೆ ಸುಮ್ಮನೆ ಆಟಕ್ಕೆ ಕೊಟ್ಟ ಕೆಲಸಕ್ಕಿಂತ ನಿಜವಾದ ಕೆಲಸ ಇಷ್ಟ. ಮಾಳಿಗೆ ಮೇಲೆ ಒಣಗಿಸಿದ ಸಂಡಿಗೆಯನ್ನು ಕಾಗೆಯಿಂದ ಕಾಯುವುದು ಮಗನ ಪಾಲಿನದು. ಬೆಳಗಿನ ಎಳೆ ಬಿಸಿಲಲ್ಲಿ ಮಾತ್ರ. ಬಿಸಿಲೇರಿದ ಮೇಲೆ ನೆರಳಲ್ಲಿ ಕೂತು ಕೋಲು ಆಡಿಸಬೇಕು. ಅರ್ಧ ಒಣಗಿದ ಸಂಡಿಗೆಯಲ್ಲಿ ಕಾಗೆ ತಿಂದದ್ದೆಷ್ಟು, ಕಾವಲುಗಾರ ತಿಂದದ್ದೆಷ್ಟು ಅಂತ ನಾನು ಲೆಕ್ಕ ಕೇಳುವುದಿಲ್ಲ. ಮಗಳು ಹುಕ್ಸುಗಳನ್ನು ಬೇರ್ಪಡಿಸಿಡುತ್ತಾಳೆ, ಬಾಬಿನ್‌ಗೆ ದಾರ ಸುತ್ತಿಕೊಡುತ್ತಾಳೆ. ಅದರಿಂದ ನನ್ನ ಕೆಲಸ ಹಗುರಾಗುತ್ತದೆ, ಅದು ಅವಳಿಗೂ ಗೊತ್ತಿದೆ.

ನಾಲ್ಕನೆಯದು ಪಂಚಾಯಿತಿ ಗ್ರಂಥಾಲಯ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅವಕ್ಕೆ ಅರಿವು ಕೇಂದ್ರವೆಂದು ಹೆಸರು. ದುಡ್ಡಿಲ್ಲದೆ ಪುಸ್ತಕ ಸಿಗುವುದು ಒಂದು ಲಾಭ; ಅಲ್ಲಿಗೆ ತಾವೇ ನಡೆದು ಹೋಗಿ ತಾವೇ ಆರಿಸಿಕೊಂಡು ಬರುವುದು ಇನ್ನೊಂದು. ಏನು ಓದಿದಿರಿ, ಸಾರಾಂಶ ಹೇಳಿ ಅಂತ ಕೇಳಬೇಡಿ. ಕೇಳಿದರೆ ಮರುವಾರ ಹೋಗುವುದಿಲ್ಲ.

ತಮ್ಮ ಪಾಡಿಗೆ ಬಿಡುವುದೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ನಮ್ಮ ಕಡೆ ಭದ್ರಾ ನಾಲೆಯಿದೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಬೇಸಿಗೆ ರಜೆಯಲ್ಲಿ ಈಜಲು ಇಳಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಓದದ ವರ್ಷವಿಲ್ಲ. ಹೊಂಡದ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಇಳಿದರೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಆದ್ದರಿಂದ ನೀರಿನ ಹತ್ತಿರ ದೊಡ್ಡವರಿಲ್ಲದೆ ಹೋಗಕೂಡದು, ನನ್ನ ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆ ಮುಟ್ಟಕೂಡದು, ಎಲ್ಲಿಗೆ ಹೊರಟರೂ ಹೇಳಿ ಹೋಗಬೇಕು. ಈ ಮೂರರಲ್ಲಿ ರಿಯಾಯಿತಿ ಇಲ್ಲ. ಕಟ್ಟಳೆ ಮೂರೇ ಇರುವುದರಿಂದ ಪಾಲಿಸುತ್ತಾರೆ. ಮೂವತ್ತು ಹೇಳಿದರೆ ಒಂದೂ ಉಳಿಯುವುದಿಲ್ಲ.

ಇದಕ್ಕೆಲ್ಲ ಒಂದು ಬೆಲೆ ಇದೆ. ಎರಡು ತಿಂಗಳ ಹತ್ತಿರ ಪಡಸಾಲೆಯ ಒಂದು ಮೂಲೆ ನನ್ನದಲ್ಲ. ಗುಡಿಸುವಾಗ ಬಂಡಿಯನ್ನು ದಾಟಿ, ಚೌಕಾಬಾರದ ಗೆರೆ ಅಳಿಸದ ಹಾಗೆ ಪೊರಕೆ ಆಡಿಸಬೇಕು. ಬಂದ ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ.

ನಿಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ಇರಲಿಕ್ಕಿಲ್ಲ. ಮರಗೆಲಸದವರ ಮನೆಯಲ್ಲಿ ಹಲಗೆ ಚೂರು, ಅಂಗಡಿಯವರ ಮನೆಯಲ್ಲಿ ಖಾಲಿ ರಟ್ಟು, ನೌಕರಿಯವರ ಮನೆಯಲ್ಲಿ ಹಳೇ ಕಾಗದವಾದರೂ ಇದ್ದೇ ಇರುತ್ತದೆ. ಇರುವುದನ್ನು ಕೊಡಿ, ಒಂದು ಮೂಲೆ ಬಿಟ್ಟುಕೊಡಿ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರಿ. ಅವರು ಕರೆಯದೆ ಮಾತ್ರ ಆ ಮೂಲೆಗೆ ಹೋಗಬೇಡಿ.