ಎಂಬಿಎ ಎರಡು ವರ್ಷ: ಪ್ರವೇಶ ಸಂದರ್ಶನದಿಂದ ಮೊದಲ ಸಂಬಳದವರೆಗೆ

ತುಮಕೂರಿನ ಹತ್ತಿರದ ಊರೊಂದರಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಎಂಬಿಎ ಪ್ರವೇಶದ ನನ್ನ ಮೊದಲ ಸಂದರ್ಶನಕ್ಕೆ ‘ನಾಯಕತ್ವ’, ‘ದೂರದೃಷ್ಟಿ’ ಎಂದೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎದುರಿಗೆ ಕೂತಿದ್ದ ಮೇಷ್ಟ್ರು ಅಂಗಡಿಯ ವಿಷಯ ಎತ್ತಿಕೊಂಡರು. ದಿನದ ವ್ಯಾಪಾರ ಎಷ್ಟು? ಅದರಲ್ಲಿ ಉದ್ರಿ ಎಷ್ಟು? ಉದ್ರಿ ವಸೂಲಾಗಲು ಎಷ್ಟು ದಿನ ಹಿಡಿಯುತ್ತದೆ? ಆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ಓದಿ ಬೆಳೆದ ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಸೀಟು ಸಿಗಲಿಲ್ಲ. ಊರಿಗೆ ಬಂದವನೇ ಅಪ್ಪನ ಕಿರ್ದಿ ಪುಸ್ತಕ ತೆರೆದು ಕೂತೆ. ಮುಂದಿನ ವರ್ಷ ಬೇರೊಂದು ಕಾಲೇಜಿನ ಸಂದರ್ಶನದಲ್ಲಿ ಅರ್ಧ ಹೊತ್ತು ನಡೆದದ್ದು ಆ ಉದ್ರಿಯ ಮಾತೇ. ಈ ಸಲ ಸೀಟು ಸಿಕ್ಕಿತು.

ಆಮೇಲಿನ ಎರಡು ವರ್ಷವೂ ನನಗೆ ಅದನ್ನೇ ಕಲಿಸಿದವು. ನೀವು ಏನು ನೋಡಿದ್ದೀರಿ, ಏನು ಮಾಡಿದ್ದೀರಿ, ಅದರ ಲೆಕ್ಕ ಎಷ್ಟು ಎಂಬುದನ್ನೇ ಬಿಸಿನೆಸ್ ಸ್ಕೂಲು ಮೊದಲ ದಿನದಿಂದ ಕೊನೆಯ ದಿನದವರೆಗೆ ಬೇರೆ ಬೇರೆ ಮಾತಿನಲ್ಲಿ ಕೇಳುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟುಕೊಳ್ಳಿ. ಅದು ನಿಮ್ಮ ಕಿರ್ದಿ. ಮುಂದಿನ ಎಲ್ಲ ಹಂತಗಳಲ್ಲೂ ಅದು ಕೆಲಸಕ್ಕೆ ಬರುತ್ತದೆ.

ಹಂತ 1: ಯಾವ ಬಾಗಿಲು ಎಂದು ಮೊದಲು ತೀರ್ಮಾನಿಸಿ

ಐಐಎಂಗಳಿಗೆ ಕ್ಯಾಟ್ ಪರೀಕ್ಷೆ. ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರದ ಹೊತ್ತಿಗೆ ನಡೆಯುತ್ತದೆ. ಭಾಷೆ, ದತ್ತಾಂಶ ಮತ್ತು ತರ್ಕ, ಗಣಿತ ಎಂದು ಮೂರು ವಿಭಾಗ. ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಡಿತ. ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಕ್ಸಾಟ್ ಜನವರಿಯಲ್ಲಿ ಬರುತ್ತದೆ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಸೀಟು ಮತ್ತು ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಪದವಿಯಲ್ಲಿ ಶೇ 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ 45. ಇಲ್ಲಿ ಸಂದರ್ಶನವಿಲ್ಲ, ರ‍್ಯಾಂಕ್ ನೋಡಿ ಸೀಟು ಹಂಚುತ್ತಾರೆ. ಈ ದಾರಿಯಲ್ಲಿ ಹೋಗುವವರಿಗೂ ಸಂದರ್ಶನಕ್ಕೆ ಸಿದ್ಧರಾಗುವ ಮೂರನೇ ಹಂತ ಬೇಕೇ ಬೇಕು. ಅವರಿಗೆ ಸಂದರ್ಶನ ಎದುರಾಗುವುದು ಕೆಲಸ ಹುಡುಕುವಾಗ, ಅಷ್ಟೆ.

ಕಾಲೇಜು ಆರಿಸುವಾಗ ಎಐಸಿಟಿಇ ಮಾನ್ಯತೆಯೋ ವಿಶ್ವವಿದ್ಯಾಲಯದ ಸಂಯೋಜನೆಯೋ ಇದೆಯೇ ಎಂದು ಮೊದಲು ನೋಡಿ. ಆಮೇಲೆ ಪ್ಲೇಸ್‌ಮೆಂಟ್ ವರದಿ ಓದಿ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಒಬ್ಬರೇ ಒಬ್ಬರಿಗೆ ಸಿಕ್ಕ ಅತಿ ಹೆಚ್ಚಿನ ಸಂಬಳ. ನಿಮಗೆ ಬೇಕಾದದ್ದು ಮಧ್ಯದ ಸಂಬಳ: ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರಿಗೆ ಎಷ್ಟು ಸಿಕ್ಕಿದೆ ಎಂಬುದು. ಕಳೆದ ವರ್ಷ ಮುಗಿಸಿದ ಇಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿ, ತರಗತಿಯಲ್ಲಿ ಎಷ್ಟು ಜನರಿಗೆ ಕೆಲಸ ಸಿಗಲಿಲ್ಲ ಎಂದು ಕೇಳಿ.

ಹಂತ 2: ಹಣದ ದಾರಿ ಮಾಡಿಕೊಳ್ಳಿ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅದರ ಸಣ್ಣದೊಂದು ಪಾಲು ಸಾಕು. ಶುಲ್ಕದ ಜೊತೆ ಹಾಸ್ಟೆಲ್, ಊಟ, ಲ್ಯಾಪ್‌ಟಾಪ್, ಓಡಾಟ ಎಲ್ಲ ಸೇರಿಸಿ ಕಿರ್ದಿಯಲ್ಲಿ ಒಟ್ಟು ಮೊತ್ತ ಬರೆಯಿರಿ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು, ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ಕಂತು ಶುರುವಾಗುವುದು ಓದು ಮುಗಿದ ಮೇಲಾದರೂ ಬಡ್ಡಿ ಮೊದಲ ದಿನದಿಂದಲೇ ಏರುತ್ತಿರುತ್ತದೆ. 10 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಓದುವಾಗ ಬಡ್ಡಿ ಕಟ್ಟದಿದ್ದರೆ ಅದು ಅಸಲಿಗೆ ಸೇರಿ ಕಂತು ಇನ್ನೂ ಹೆಚ್ಚುತ್ತದೆ. ಸಹಿ ಹಾಕುವ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಈ ಲೆಕ್ಕ ಮಾಡಿ. ಮನೆಯವರಿಗೆ ತಿಳಿಯದ ಸಾಲ ಮಾಡಬೇಡಿ.

ಹಂತ 3: ಸಂದರ್ಶನಕ್ಕೆ ಸಿದ್ಧರಾಗಿ

ಕ್ಯಾಟ್ ಫಲಿತಾಂಶ ಬಂದ ಮೇಲೆ ಸಂದರ್ಶನಗಳು ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ನಡೆಯುತ್ತವೆ. ಮುಂಚೆ ಎಲ್ಲ ಕಡೆ ಗುಂಪು ಚರ್ಚೆ ಇರುತ್ತಿತ್ತು. ಈಗ ಹಲವು ಐಐಎಂಗಳಲ್ಲಿ ಅದರ ಬದಲು ಕೊಟ್ಟ ವಿಷಯದ ಮೇಲೆ ಚಿಕ್ಕ ಪ್ರಬಂಧ ಬರೆಸುತ್ತಾರೆ. ಆಮೇಲೆ ಇಬ್ಬರು ಮೂವರು ಎದುರಿಗೆ ಕೂತು ಹದಿನೈದರಿಂದ ಮೂವತ್ತು ನಿಮಿಷ ಮಾತಾಡಿಸುತ್ತಾರೆ. ಕಿರ್ದಿಯಲ್ಲಿ ಈ ಐದು ಪುಟ ಸಿದ್ಧವಿದ್ದರೆ ಬಹುಪಾಲು ಪ್ರಶ್ನೆಗಳಿಗೆ ನೀವು ತಯಾರು.

ಮೊದಲ ಪುಟ, ನಿಮ್ಮ ಪರಿಚಯ. ಊರು, ಓದು, ಮಾಡಿದ ಕೆಲಸ, ಮುಂದಿನ ಗುರಿ. ಗಟ್ಟಿಯಾಗಿ ಹೇಳಿದರೆ ಒಂದೂವರೆ ನಿಮಿಷ ಮೀರಬಾರದು.

ಎರಡನೇ ಪುಟ, ಎಂಬಿಎ ಯಾಕೆ. ‘ಒಳ್ಳೆ ಸಂಬಳಕ್ಕೆ’ ಎನ್ನುವುದು ಸುಳ್ಳಲ್ಲ, ಆದರೆ ಅದು ಎಲ್ಲರ ಉತ್ತರ. ನಿಮ್ಮ ಕೆಲಸದಲ್ಲೋ ಮನೆಯ ವ್ಯವಹಾರದಲ್ಲೋ ಎಲ್ಲಿ ಕೈಕಟ್ಟಿತು, ಯಾವುದು ಗೊತ್ತಿಲ್ಲದೆ ಸೋತಿರಿ ಎಂದು ಹುಡುಕಿ. ಅಡಿಕೆಗೆ ದರ ಬಿದ್ದಾಗ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಮನೆಯಲ್ಲಿ ನಡೆದ ವಾದವೇ ನಿಮ್ಮ ಉತ್ತರ ಆಗಬಹುದು.

ಮೂರನೇ ಪುಟ, ಪದವಿಯ ಮೂರು ವಿಷಯಗಳು. ಬಿಕಾಂ ಓದಿದವರಿಗೆ ಸವಕಳಿ ಏನೆಂದು ಕೇಳುತ್ತಾರೆ, ಎಂಜಿನಿಯರಿಂಗ್ ಓದಿದವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಕೇಳುತ್ತಾರೆ. ಹತ್ತು ವಿಷಯ ಅರೆಬರೆ ಓದುವ ಬದಲು ಮೂರನ್ನು ಬುಡದಿಂದ ಓದಿಕೊಳ್ಳಿ.

ನಾಲ್ಕನೇ ಪುಟ, ನಿಮ್ಮ ಊರು. ಅಲ್ಲಿ ಏನು ಬೆಳೆಯುತ್ತಾರೆ, ಎಲ್ಲಿಗೆ ಕಳಿಸುತ್ತಾರೆ, ಯಾರು ಕೊಳ್ಳುತ್ತಾರೆ? ರಾಮನಗರದವರಿಗೆ ರೇಷ್ಮೆಗೂಡಿನ ಹರಾಜು, ಬ್ಯಾಡಗಿಯವರಿಗೆ ಮೆಣಸಿನಕಾಯಿ ಮಾರುಕಟ್ಟೆ ಗೊತ್ತಿರಬೇಕು. ಹಾಲು ಹಾಕುವ ಮನೆಯವರು ಡೈರಿಯಲ್ಲಿ ಫ್ಯಾಟ್ ನೋಡಿ ದರ ಕಟ್ಟುವ ಬಗೆಯನ್ನು ವಿವರಿಸಲು ಕಲಿಯಿರಿ.

ಐದನೇ ಪುಟ, ಪತ್ರಿಕೆ. ಎರಡು ತಿಂಗಳು ದಿನಕ್ಕೊಂದು ಆರ್ಥಿಕ ಸುದ್ದಿ ಆರಿಸಿ ನಾಲ್ಕು ಸಾಲು ಬರೆಯಿರಿ. ರೆಪೊ ದರ ಇಳಿದರೆ ನಿಮ್ಮೂರ ಟ್ರ್ಯಾಕ್ಟರ್ ಸಾಲಕ್ಕೆ ಏನಾಗುತ್ತದೆ ಎಂಬಂಥ ಸಾಲು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಸಂದರ್ಶಕರು ತೂಗುವುದು ಯೋಚನೆಯನ್ನು. ಚಿಕ್ಕ ಚಿಕ್ಕ ವಾಕ್ಯದಲ್ಲಿ, ನಿಧಾನವಾಗಿ ಇಂಗ್ಲಿಷ್ ಮಾತಾಡಿ. ಮೊದಲು ಉತ್ತರವನ್ನು ಕನ್ನಡದಲ್ಲೇ ಯೋಚಿಸಿ ಬರೆಯಿರಿ, ಆಮೇಲೆ ಇಂಗ್ಲಿಷಿನಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡಿ. ಅದಕ್ಕೆ ಸೀಟು ಹೋಗುವುದಿಲ್ಲ. ಕಟ್ಟಿ ಹೇಳಿದ ಸುಳ್ಳು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಹಂತ 4: ಮೊದಲ ಟರ್ಮ್ ದಾಟಿ

ಜೂನ್ ಹೊತ್ತಿಗೆ ತರಗತಿ ಶುರುವಾದರೆ ಮೊದಲ ಮೂರು ತಿಂಗಳು ಉಸಿರಾಡಲು ಬಿಡುವಿರುವುದಿಲ್ಲ. ಅಕೌಂಟಿಂಗ್, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್ ಎಲ್ಲವೂ ಒಟ್ಟಿಗೆ ಬರುತ್ತವೆ. ಹಿಂದೆ ವಾಣಿಜ್ಯ ಓದಿಲ್ಲದವರು ಪ್ರವೇಶ ಸಿಕ್ಕ ಕೂಡಲೇ ಲಾಭ–ನಷ್ಟ ಪಟ್ಟಿ ಮತ್ತು ಬ್ಯಾಲೆನ್ಸ್ ಶೀಟ್ ಓದಲು ಕಲಿತು ಹೋಗಿ. ಎಲ್ಲರೂ ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಲು ಕಲಿತು ಹೋಗಿ.

ಹಲವು ಕಾಲೇಜುಗಳಲ್ಲಿ ಗ್ರೇಡ್ ಕೊಡುವುದು ತರಗತಿಯ ಉಳಿದವರಿಗೆ ಹೋಲಿಸಿ. ಇದರಿಂದ ನೋಟ್ಸ್ ಬಚ್ಚಿಡುವ ಬುದ್ಧಿ ಬರುತ್ತದೆ. ಆ ಹಾದಿಗೆ ಹೋಗಬೇಡಿ. ನಾಲ್ಕೈದು ಜನ ಸೇರಿ ಓದಿ. ಲೆಕ್ಕ ಬಲ್ಲವರು ಲೆಕ್ಕ ಹೇಳಿಕೊಡಲಿ, ಮಾತು ಬಲ್ಲವರು ಮಾತು ಕಲಿಸಲಿ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಕೋಣೆ ಬಾಗಿಲು ಹಾಕಿಕೊಂಡು ಕೂರಬೇಡಿ. ಮನೆಗೆ ಫೋನ್ ಮಾಡಿ, ಮೇಷ್ಟ್ರನ್ನು ಹೋಗಿ ಕಾಣಿ, ನಿದ್ದೆ ಸರಿಯಾಗಿ ಮಾಡಿ.

ಹಂತ 5: ಕೇಸ್ ಓದುವುದನ್ನು ಕಲಿಯಿರಿ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ ಹರಡಿದ ಕೇಸ್ ಪದ್ಧತಿಯಲ್ಲಿ ಒಂದು ಕಂಪನಿಯ ಕಥೆ ಕೊಟ್ಟು, ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅಭ್ಯಾಸಕ್ಕೆ ನಮ್ಮದೇ ನೆಲದ ಉದಾಹರಣೆ ನೋಡಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಅಲ್ಲಿ ಡಾ. ಟಿ.ಎಂ.ಎ. ಪೈ ಅವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ಏಜೆಂಟರು ದಿನವೂ ಮನೆ ಬಾಗಿಲಿಗೆ ಹೋಗಿ ಪುಡಿಕಾಸು ಸಂಗ್ರಹಿಸುತ್ತಿದ್ದರು.

ಈಗ ಕೇಸಿನ ಪ್ರಶ್ನೆಗಳು. ಗ್ರಾಹಕ ಯಾರು? ಬ್ಯಾಂಕಿಗೆ ಬರಲು ಅವರಿಗೆ ಅಡ್ಡಿ ಏನಿತ್ತು? ಏಜೆಂಟರ ಕಮಿಷನ್ ಕಳೆದರೆ ಬ್ಯಾಂಕಿಗೆ ಎಷ್ಟು ಉಳಿಯುತ್ತದೆ? ಏಜೆಂಟ್ ಹಣ ಕಟ್ಟದಿದ್ದರೆ ಹಿಡಿಯುವುದು ಹೇಗೆ? ಇಂದು ಯುಪಿಐ ಇರುವಾಗ ಈ ಉದ್ಯೋಗ ನಡೆಯುತ್ತದೆಯೇ? ಪ್ರತಿ ಕೇಸಿಗೂ ಹೀಗೆ ಐದು ಪ್ರಶ್ನೆ ಬರೆದುಕೊಂಡು ತರಗತಿಗೆ ಹೋಗಿ. ದಿನಕ್ಕೆ ಒಂದೇ ಸಲ ಕೈ ಎತ್ತಿದರೂ ಸಾಕು, ಹೇಳುವುದರಲ್ಲಿ ಹುರುಳಿರಲಿ.

ಹಂತ 6: ಇಂಟರ್ನ್‌ಶಿಪ್‌ನಲ್ಲಿ ಬೀದಿಗಿಳಿಯಿರಿ

ಮೊದಲ ವರ್ಷ ಮುಗಿದ ಮೇಲೆ ಏಪ್ರಿಲ್‌ನಿಂದ ಜೂನ್ ನಡುವೆ ಎಂಟರಿಂದ ಹತ್ತು ವಾರ ಕಂಪನಿಯಲ್ಲಿ ಕೆಲಸ. ಚೆನ್ನಾಗಿ ಮಾಡಿದರೆ ಅದೇ ಕಂಪನಿ ಓದು ಮುಗಿಯುವ ಮುಂಚೆಯೇ ಕೆಲಸ ಕೊಡುವುದುಂಟು. ಕ್ಯಾಂಪಸ್ಸಿನಲ್ಲಿ ಇದನ್ನು ಪಿಪಿಒ ಎನ್ನುತ್ತಾರೆ.

ಮೊದಲ ವಾರವೇ ಗೈಡ್ ಹತ್ತಿರ ಕೂತು, ಕೊನೆಯಲ್ಲಿ ನಾನು ಏನು ಒಪ್ಪಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ. ಸೇಲ್ಸ್ ಕೆಲಸವಾದರೆ ಡಿಸ್ಟ್ರಿಬ್ಯೂಟರ್‌ನ ಸೇಲ್ಸ್‌ಮನ್ ಜೊತೆ ಬೀಟ್, ಅಂದರೆ ಅವರ ದಿನದ ಅಂಗಡಿಗಳ ಸಾಲು, ಸುತ್ತಿ. ಯಾವ ಅಂಗಡಿಯಲ್ಲಿ ಸರಕು ಖಾಲಿ, ಎಲ್ಲಿ ಉದ್ರಿ ನಿಂತಿದೆ ಎಂದು ದಿನವೂ ಕಿರ್ದಿಗೆ ಏರಿಸಿ. ಇಲ್ಲಿ ಕನ್ನಡ ನಿಮ್ಮ ಬಂಡವಾಳ. ಗಂಗಾವತಿಯ ಅಂಗಡಿಯವರು ತಮ್ಮ ಮಾತಿನಲ್ಲಿ ಮಾತಾಡುವವರಿಗೆ ಹೇಳುವ ಸತ್ಯ ಯಾವ ಸಮೀಕ್ಷೆಯ ಹಾಳೆಯಲ್ಲೂ ಸಿಗುವುದಿಲ್ಲ.

ಹಂತ 7: ಕೆಲಸದ ಬೇಟೆ

ಸಿವಿ ಒಂದೇ ಪುಟ ಇರಲಿ. ಪ್ರತಿ ಸಾಲಿನಲ್ಲೂ ಮಾಡಿದ ಕೆಲಸ ಮತ್ತು ಅದರ ಫಲ ಅಂಕಿಯಲ್ಲಿ ಕಾಣಬೇಕು. ‘ಮಾರಾಟ ಸುಧಾರಿಸಲು ನೆರವಾದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘42 ಅಂಗಡಿ ಸುತ್ತಿ, 11ರಲ್ಲಿ ಸರಕು ನಿಂತ ಕಾರಣ ಪತ್ತೆ ಹಚ್ಚಿದೆ’ ಎಂದರೆ ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಕಿರ್ದಿ ಬರೆದವರಿಗೆ ಈ ಅಂಕಿಗಳನ್ನು ಹುಡುಕುವ ಕಷ್ಟವಿಲ್ಲ. ಪುರಾವೆ ಇಲ್ಲದ ಒಂದು ಸಾಲನ್ನೂ ಸೇರಿಸಬೇಡಿ.

ಕನ್ಸಲ್ಟಿಂಗ್ ಕಂಪನಿಗಳು ಅಂದಾಜಿನ ಲೆಕ್ಕ ಕೊಡುತ್ತವೆ. ಉದಾಹರಣೆಗೆ, ಮೈಸೂರಿನಲ್ಲಿ ದಿನಕ್ಕೆ ಅರ್ಧ ಲೀಟರಿನ ಎಷ್ಟು ಹಾಲಿನ ಪ್ಯಾಕೆಟ್ ಖರ್ಚಾಗುತ್ತದೆ? ಜನಸಂಖ್ಯೆ 10 ಲಕ್ಷ ಎಂದು ಹಿಡಿಯಿರಿ. ಮನೆಗೆ ನಾಲ್ವರಂತೆ 2.5 ಲಕ್ಷ ಮನೆ. ಐದರಲ್ಲಿ ನಾಲ್ಕು ಮನೆ ಪ್ಯಾಕೆಟ್ ಹಾಲು ಕೊಳ್ಳುತ್ತವೆ ಎಂದರೆ 2 ಲಕ್ಷ ಮನೆ, ಮನೆಗೆ ಎರಡರಂತೆ 4 ಲಕ್ಷ ಪ್ಯಾಕೆಟ್. ಹೋಟೆಲ್, ಟೀ ಅಂಗಡಿಗೆ ಇನ್ನೊಂದು ಲಕ್ಷ ಸೇರಿಸಿದರೆ 5 ಲಕ್ಷ. ಉತ್ತರ ಹೆಚ್ಚುಕಮ್ಮಿ ಆದರೆ ಚಿಂತೆಯಿಲ್ಲ. ಪ್ರತಿ ಮೆಟ್ಟಿಲನ್ನೂ ಬಾಯಿಬಿಟ್ಟು ಹೇಳುತ್ತಾ ಹೋಗಿ, ಅವರು ನೋಡುವುದು ಅದನ್ನೇ.

ಪ್ಲೇಸ್‌ಮೆಂಟ್‌ನ ಮೊದಲ ದಿನ ಕೆಲಸ ಸಿಗದಿದ್ದರೆ ಎದೆಗುಂದಬೇಡಿ. ಕ್ಯಾಂಪಸ್ಸಿಗೆ ಬರುವ ಕಂಪನಿಗಳನ್ನೇ ಕಾಯುತ್ತಾ ಕೂರಲೂ ಬೇಡಿ. ಇಪ್ಪತ್ತು ಕಂಪನಿಗಳ ಪಟ್ಟಿ ಮಾಡಿ, ಅಲ್ಲಿರುವ ಹಳೆ ವಿದ್ಯಾರ್ಥಿಗಳನ್ನು ಹುಡುಕಿ ಬರೆಯಿರಿ. ‘ಕೆಲಸ ಕೊಡಿಸಿ’ ಎಂದು ಶುರುಮಾಡಬೇಡಿ. ‘ನಿಮ್ಮ ಕೆಲಸದ ಬಗ್ಗೆ ತಿಳಿಯಲು ಹದಿನೈದು ನಿಮಿಷ ಕೊಡುತ್ತೀರಾ’ ಎಂದು ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ, ಕೆಲವರು ಖಂಡಿತ ಉತ್ತರಿಸುತ್ತಾರೆ.

ಹಂತ 8: ಆಫರ್ ಲೆಟರ್ ಪೂರ್ತಿ ಓದಿ

ಸಿಟಿಸಿ ಎಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದು 12 ಲಕ್ಷ ಇದ್ದರೆ ತಿಂಗಳಿಗೆ ಒಂದು ಲಕ್ಷ ಕೈಗೆ ಬರುತ್ತದೆ ಎಂದು ಮನೆಯಲ್ಲಿ ಹೇಳಿಬಿಡಬೇಡಿ. ಒಂದು ಮಾದರಿ ಲೆಕ್ಕ ನೋಡಿ. ಅದರಲ್ಲಿ 1.8 ಲಕ್ಷ ಗುರಿ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ ಪೇ, 1 ಲಕ್ಷ ಒಂದೇ ಸಲ ಸಿಗುವ ಜಾಯಿನಿಂಗ್ ಬೋನಸ್ ಇರಲಿ. ಮೂಲ ವೇತನ 6 ಲಕ್ಷವಾದರೆ ಕಂಪನಿ ಕಟ್ಟುವ ಶೇ 12 ಪಿಎಫ್ 72,000, ಗ್ರಾಚ್ಯುಟಿ ಲೆಕ್ಕ ಸುಮಾರು 28,900. ಇಷ್ಟು ಕಳೆದರೆ ಉಳಿಯುವುದು ಸುಮಾರು 8.19 ಲಕ್ಷ, ತಿಂಗಳಿಗೆ 68,000 ಚಿಲ್ಲರೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋದರೆ ಕೈಗೆ 62,000. ಆದಾಯ ತೆರಿಗೆ ಬಿದ್ದರೆ ಅದೂ ಕಡಿತ. ಇದರಲ್ಲಿ ಮನೆ ಬಾಡಿಗೆ ಮತ್ತು ಎರಡನೇ ಹಂತದ ಸಾಲದ ಕಂತು ತೆಗೆದು ನೋಡಿ.

ಜೊತೆಗೆ ಕೆಲಸದ ಊರು, ಪ್ರೊಬೇಷನ್ ಅವಧಿ, ನೋಟಿಸ್ ಅವಧಿ, ಬಾಂಡ್ ಇದೆಯೇ ಎಂಬುದನ್ನು ಓದಿ. ತಿಳಿಯದ ಸಾಲಿದ್ದರೆ ಸಹಿಗೆ ಮುಂಚೆ ಎಚ್‌ಆರ್ ಅವರನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಎರಡು ಆಫರ್ ಇದ್ದರೆ ಮೊದಲ ಎರಡು ವರ್ಷ ಎಲ್ಲಿ ಹೆಚ್ಚು ಕಲಿಯುತ್ತೀರೋ ಅದನ್ನು ಹಿಡಿಯಿರಿ. ಸಾಲದ ಕಂತು ತೀರುವಷ್ಟು ಸಂಬಳ ಇದ್ದರೆ ಸಾಕು.

ಈ ಎಂಟು ಹಂತಗಳಲ್ಲಿ ಯಾವುದಕ್ಕೂ ಶ್ರೀಮಂತ ಮನೆತನವಾಗಲಿ ನಿರರ್ಗಳ ಇಂಗ್ಲಿಷಾಗಲಿ ಮೊದಲೇ ಇರಬೇಕಿಲ್ಲ. ಇಂದು ಸಂಜೆ ನೋಟ್‌ಬುಕ್ ತನ್ನಿ. ಅಪ್ಪನನ್ನೋ ಅಮ್ಮನನ್ನೋ ಕೂರಿಸಿಕೊಂಡು, ನಿಮ್ಮ ಮನೆಯ ದುಡಿಮೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಸಂದರ್ಶನದಲ್ಲಿ ಮೊದಲು ಕೇಳುವುದು ಅದನ್ನೇ ಇರಬಹುದು.