ಕುದುರೆಗಳ ಹರ್ಪಿಸ್ ರೋಗ

ಮರಿಗಾಲದಲ್ಲಿ ನೆಗಡಿಯಂತೆ ಬಂದುಹೋಗುವ ಹರ್ಪಿಸ್ ವೈರಸ್ಸು ಕುದುರೆಯ ದೇಹವನ್ನು ಬಿಟ್ಟು ತೊಲಗುವುದಿಲ್ಲ, ವರ್ಷಗಟ್ಟಲೆ ಅಡಗಿರುವುದು. ದೂರಪ್ರಯಾಣ, ಬೇರೆ ರೋಗ ಮುಂತಾದ ಬಳಲಿಕೆಯಿಂದ ಅದು ಪುನಃ ಎಚ್ಚೆತ್ತು, ರಕ್ತದೊಡನೆ ಹರಿದು, ಸಣ್ಣ ರಕ್ತನಾಳಗಳ ಒಳಪೊರೆಯನ್ನು ಕೆಡಿಸುವುದು. ಅಲ್ಲಿ ರಕ್ತವು ಹೆಪ್ಪುಗಟ್ಟಿ ಮುಂದಣ ಭಾಗಕ್ಕೆ ಪೋಷಣೆ ತಪ್ಪುವುದು. ಗರ್ಭಕೋಶದಲ್ಲಿ ಹೀಗಾದರೆ ಕುದುರೆಯು ಕಂದು ಹಾಕುವುದು. ಬೆನ್ನುಹುರಿಯಲ್ಲಾದರೆ ಹಿಂಗಾಲುಗಳ ಸ್ವಾಧೀನ ತಪ್ಪುವುದು.

2021ನೆಯ ಇಸವಿಯಲ್ಲಿ ಸ್ಪೇನ್ ದೇಶದ ವಾಲೆನ್ಸಿಯಾದಲ್ಲಿ ಪಂದ್ಯಕ್ಕೆ ನೆರೆದಿದ್ದ ಕುದುರೆಗಳಿಂದ ಈ ರೋಗವು ಯೂರೋಪಿನ ಹಲವು ದೇಶಗಳಿಗೆ ಹರಡಿತು.

ಲಸಿಕೆಯು ಕಂದು ಹಾಕುವುದನ್ನು ಕಡಿಮೆ ಮಾಡಬಹುದಾದರೂ ಕಾಲು ಬೀಳುವುದನ್ನು ತಡೆಯುವುದೆಂಬ ಭರವಸೆಯಿಲ್ಲ. ಆದಕಾರಣ ಹೊಸದಾಗಿ ತಂದ ಕುದುರೆಯನ್ನು 21 ದಿನಗಳು ಗಬ್ಬದ ಕುದುರೆಗಳಿಂದ ದೂರ ಕಟ್ಟತಕ್ಕದ್ದು. ನೀರಿನ ಪಾತ್ರೆಯನ್ನೂ ಬೇರೆ ಇಡತಕ್ಕದ್ದು. ಜ್ವರ ಕಂಡೊಡನೆ ಪಶುವೈದ್ಯರಿಗೆ ವರ್ತಮಾನ ಕೊಡುವಂತೆ ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಸಬೇಕು.